ನೂರಿಪ್ಪತ್ತು ಯೂನಿಟ್

ಗಡ್-ಗಡ್-ಗಡ್-ಗಡ್, ಆಮೇಲೆ ಒಂದು ಸಣ್ಣ ‘ಕ್ಲಿಂಕ್’. ಅರವತ್ತರ ದಶಕ ಆಗತಾನೆ ಶುರುವಾಗಿದ್ದ ಆ ದಿನಗಳನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಇದೇ ಸದ್ದು. ನಮ್ಮ ಲ್ಯಾಬಿನ ಶೇಕರ್‌ನದು. ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಪುಟ್ಟ ಗಾಜಿನ ಫ್ಲಾಸ್ಕುಗಳು ಸಾಲಾಗಿ ಆಚೆ ಈಚೆ ತೂಗಾಡುತ್ತಿದ್ದವು. ಮೋಟಾರಿನ ಬೆಲ್ಟ್ ಸವೆದುಹೋಗಿದ್ದರಿಂದ ನಾಲ್ಕು ಸಲ ತೂಗಿದ ಮೇಲೆ ಒಮ್ಮೆ ಜಾರುವುದು, ಫ್ಲಾಸ್ಕುಗಳು ಒಂದಕ್ಕೊಂದು ತಾಗುವುದು. ಹೊಸ ಬೆಲ್ಟ್ ಬೇಕು ಎಂದು ಇಂಡೆಂಟ್ ಬರೆದು ಬರೆದು ನನಗೆ ಸಾಕಾಗಿತ್ತು. ಪ್ರತಿಸಲವೂ ‘ಪ್ಲೀಸ್ ಜಸ್ಟಿಫೈ’ ಎಂಬ ಷರಾ ಹೊತ್ತು ಅದು ವಾಪಸ್ ಬರುತ್ತಿತ್ತು. ಒಂದು ಬೆಲ್ಟನ್ನು ಹೇಗೆ ಜಸ್ಟಿಫೈ ಮಾಡುವುದೋ ದೇವರಿಗೇ ಗೊತ್ತು.

ಜಯನಗರದ ಅಂಚಿನಲ್ಲಿ, ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ, ಒಂದು ಧರ್ಮಾಸ್ಪತ್ರೆಯ ಹಿಂಭಾಗದ ಎರಡು ಕೋಣೆಗಳೇ ನಮ್ಮ ರಿಸರ್ಚ್ ಯೂನಿಟ್. ಇದ್ದವರು ಮೂರೇ ಜನ. ವಿಲಾಯಿತಿಯಲ್ಲಿ ಓದಿ ಬಂದು ಯಾವಾಗಲೂ ಟೈ ಕಟ್ಟಿಕೊಂಡೇ ಇರುತ್ತಿದ್ದ ಡೈರೆಕ್ಟರ್, ಸುದ್ದಗುಂಟೆಪಾಳ್ಯದ ರಾಗಿ ಹೊಲದಿಂದ ನೇರವಾಗಿ ನಮ್ಮ ಇಲಿಗಳ ಬೋನಿಗೆ ಬಂದಿದ್ದ ಟೆಕ್ನಿಷಿಯನ್, ಮತ್ತು ನಾನು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಯಾಬಿಟಿಸ್ ರೋಗಿಗಳನ್ನು ನೋಡುವುದು, ಆಮೇಲೆ ಲ್ಯಾಬಿನಲ್ಲಿ ಇನ್ಸುಲಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಹುಡುಕುವುದು ನನ್ನ ಪಾಲಿನ ಕೆಲಸ.

ಹುಡುಕುತ್ತಿದ್ದ ಕ್ರಮ ಹೀಗೆ. ಒಂದು ದಿನ ಉಪವಾಸವಿಟ್ಟ ಇಲಿಯನ್ನು ಕೊಂದು, ಅದರ ಎದೆಗೂ ಹೊಟ್ಟೆಗೂ ನಡುವೆ ಇರುವ ತೆಳು ಸ್ನಾಯುವನ್ನು, ಡಯಾಫ್ರಮ್ ಅನ್ನು, ಹರಿಯದ ಹಾಗೆ ಬಿಡಿಸಿ ಎರಡು ಹೋಳು ಮಾಡಬೇಕು. ಒಂದೊಂದು ಹೋಳನ್ನು ಒಂದೊಂದು ಫ್ಲಾಸ್ಕಿನಲ್ಲಿ, ಅಳೆದ ಸಕ್ಕರೆ, ಅಳೆದ ಇನ್ಸುಲಿನ್ ಬೆರೆಸಿದ ದ್ರಾವಣದಲ್ಲಿ ಇಟ್ಟು, ಆಕ್ಸಿಜನ್ ಹಾಯಿಸಿ, ಮೂವತ್ತೇಳು ಡಿಗ್ರಿಯಲ್ಲಿ ಒಂದೂವರೆ ಗಂಟೆ ತೂಗಬೇಕು. ಕೊನೆಯಲ್ಲಿ ಎಷ್ಟು ಸಕ್ಕರೆ ಉಳಿಯಿತು ನೋಡಿದರೆ ಸ್ನಾಯು ಎಷ್ಟು ಕುಡಿಯಿತು ಎಂದು ತಿಳಿಯುತ್ತದೆ. ಮೂವತ್ತೇಳು ಅಂದರೆ ಮೂವತ್ತೇಳೇ. ಅರ್ಧ ಡಿಗ್ರಿ ಹೆಚ್ಚಾದರೂ ಅವತ್ತಿನ ಲೆಕ್ಕವನ್ನು ನಾನು ಹರಿದು ಹಾಕುತ್ತಿದ್ದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಆಮೇಲೆ ನಗುವುದಕ್ಕೆ ಬೇಕಾಗುತ್ತದೆ.

ಆಗ ಆಸ್ಪತ್ರೆಗೆ ಬಂದವಳು ಒಬ್ಬ ಹುಡುಗಿ. ಹತ್ತೊಂಬತ್ತು ವರ್ಷ, ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ಜಯನಗರ ಎರಡನೇ ಬ್ಲಾಕಿನ ಸಂಪ್ರದಾಯಸ್ಥ ಮನೆ. ತಾಯಿ ಇಲ್ಲ. ತಂದೆ ಸೆಕ್ರೆಟೇರಿಯಟ್ಟಿನಲ್ಲಿ ಗುಮಾಸ್ತರು, ಮನೆ ನಡೆಸುತ್ತಿದ್ದವರು ತಂದೆಯ ತಾಯಿ. ಎರಡು ವರ್ಷದಿಂದ ದಿನಕ್ಕೆ ನಲವತ್ತು ಯೂನಿಟ್ ಲೆಂಟೆ ಇನ್ಸುಲಿನ್, ಅಂದರೆ ನಿಧಾನವಾಗಿ ಕರಗುವ, ಹಾಲಿನ ಹಾಗೆ ಬೆಳ್ಳಗಿರುವ ಔಷಧ, ತಾನೇ ಚುಚ್ಚಿಕೊಂಡು ಚೆನ್ನಾಗಿಯೇ ಇದ್ದಳು.

ಅಂಥ ಅಚ್ಚುಕಟ್ಟಾದ ಪೇಷೆಂಟ್ ಸಿಗುವುದು ಅಪರೂಪ. ಹಾಗಾಗಿ ಒಂದು ಭಾನುವಾರ ನಾನೇ ಅವಳ ಮನೆಗೆ ಹೋದೆ. ಹಾಲ್‌ನಲ್ಲಿ ಕೂರಿಸಿದರು, ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟರು. ಬೇರೆಯವರ ಮನೆಗೆ ಹೋದರೆ ಕೂರಿಸಿದಲ್ಲಿ ಕೂರಬೇಕು, ಒಳಗೆ ಇಣುಕಬಾರದು ಎಂದು ನಮ್ಮ ಕಾನ್ವೆಂಟಿನ ಮದರ್ ಕಲಿಸಿದ್ದರು. ನಾನು ಕಾಲ ಮೇಲೆ ಕಾಲು ಕೂಡ ಹಾಕದೆ ಕೂತು, ಹುಡುಗಿಗೂ ಅವಳ ತಂದೆಗೂ ಇನ್ಸುಲಿನ್ ಎಂದರೇನು, ಎಲ್ಲಿಂದ ತೆಗೆಯುತ್ತಾರೆ, ಹೇಗೆ ಶುದ್ಧ ಮಾಡುತ್ತಾರೆ ಎಂದು ಅರ್ಧ ಗಂಟೆ ಲೆಕ್ಚರ್ ಕೊಟ್ಟೆ. ಅಡಿಗೆಮನೆಯ ಬಾಗಿಲ ಹಿಂದೆ ಅಜ್ಜಿಯ ಕೆಂಪು ಸೀರೆಯ ಅಂಚು ಕಾಣುತ್ತಿತ್ತು. ಹೊರಡುವಾಗ ನನಗೆ ನನ್ನ ಮೇಲೆಯೇ ಮೆಚ್ಚುಗೆ.

ಮುಂದಿನ ತಿಂಗಳು ಹುಡುಗಿಯ ಟೆಸ್ಟ್ ಟ್ಯೂಬು ಕೆಟ್ಟಿತು. ಆಗೆಲ್ಲ ಮೂತ್ರಕ್ಕೆ ನೀಲಿ ದ್ರಾವಣ ಹಾಕಿ ಕಾಯಿಸುವುದಿತ್ತು. ಸಕ್ಕರೆ ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ, ವಿಪರೀತ ಇದ್ದರೆ ಇಟ್ಟಿಗೆ ಬಣ್ಣ. ಅವಳದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಐವತ್ತು ಯೂನಿಟ್ ಮಾಡಿದೆ, ಜಗ್ಗಲಿಲ್ಲ. ಎಪ್ಪತ್ತು. ತೊಂಬತ್ತು. ಚಳಿಗಾಲ ಬರುವಷ್ಟರಲ್ಲಿ ನೂರಿಪ್ಪತ್ತು. ಹುಡುಗಿ ಇಳಿದುಹೋದಳು, ಬಳೆ ಮೊಣಕೈವರೆಗೂ ಜಾರುತ್ತಿತ್ತು. “ಸ್ವೀಟ್ ತಿಂತಿದ್ದೀಯಾ? ನಿಜ ಹೇಳು” ಎಂದು ಪ್ರತಿ ವಾರ ಗದರುತ್ತಿದ್ದೆ. “ಇಲ್ಲ ಡಾಕ್ಟ್ರೇ, ದೇವರಾಣೆಗೂ ಇಲ್ಲ” ಎಂದು ಅವಳು ಕಣ್ಣು ತುಂಬಿಕೊಳ್ಳುತ್ತಿದ್ದಳು.

ಡೈರೆಕ್ಟರಿಗೆ ಮಾತ್ರ ಹಬ್ಬ. “ಇನ್ಸುಲಿನ್ ರೆಸಿಸ್ಟೆನ್ಸ್! ಇವಳ ರಕ್ತದಲ್ಲಿ ಇನ್ಸುಲಿನ್ನನ್ನು ತಡೆಯೋದು ಏನೋ ಹುಟ್ಟಿಕೊಂಡಿದೆ. ಇದು ಕೇಸ್ ಅಲ್ಲ ಡಾಕ್ಟರ್, ಇದು ಪೇಪರ್!” ಎಂದರು. ವಾರ್ಷಿಕ ಸಮ್ಮೇಳನಕ್ಕೆ ಅರ್ಧ ಪುಟದ ಸಾರಾಂಶವನ್ನೂ ಕಳಿಸಿಬಿಟ್ಟರು. ಮೊದಲ ಹೆಸರು ಅವರದು, ಎರಡನೆಯದು ನನ್ನದು. ಸುಳ್ಳು ಯಾಕೆ ಹೇಳಲಿ, ಆ ಹೆಸರನ್ನು ಟೈಪ್ ಆದ ಹಾಳೆಯಲ್ಲಿ ನಾನು ಎರಡು ಮೂರು ಸಲ ನೋಡಿಕೊಂಡಿದ್ದೆ.

ಸಾಬೀತು ಮಾಡುವುದು ನನ್ನ ಪಾಲಿಗೆ ಬಂತು. ಹುಡುಗಿಯ ರಕ್ತದ ತಿಳಿಭಾಗವಾದ ಸೀರಂ ತೆಗೆದು ಒಂದು ಫ್ಲಾಸ್ಕಿಗೆ ಹಾಕುವುದು, ಆರೋಗ್ಯವಂತರ ಸೀರಂ ಇನ್ನೊಂದಕ್ಕೆ. ಅವಳ ಸೀರಂ ಇನ್ಸುಲಿನ್ನನ್ನು ತಡೆಯುವುದಾದರೆ ಆ ಫ್ಲಾಸ್ಕಿನ ಸ್ನಾಯು ಸಕ್ಕರೆ ಕುಡಿಯಬಾರದು. ಮೊದಲ ದಿನ ಎರಡೂ ಸಮಸಮ ಕುಡಿದವು. ನಾನು ಎಲ್ಲೋ ಎಡವಿರಬೇಕು ಎಂದುಕೊಂಡೆ. ಎರಡನೆಯ ದಿನ ಕರೆಂಟ್ ಹೋಗಿ ಶೇಕರ್ ನಿಂತಿತು. ಮೂರನೆಯ ದಿನ ಆಕ್ಸಿಜನ್ ಸಿಲಿಂಡರ್ ಖಾಲಿ. ನಾಲ್ಕನೆಯ ದಿನ ಎಲ್ಲ ಸರಿಯಿತ್ತು, ಮತ್ತೆ ಎರಡೂ ಸಮಸಮ. ದ್ರಾವಣ ಹೊಸದಾಗಿ ಮಾಡಿದೆ. ಫ್ಲಾಸ್ಕುಗಳನ್ನು ಆಸಿಡ್‌ನಲ್ಲಿ ತೊಳೆಸಿದೆ. ಇಲಿಗಳನ್ನು ಬದಲಾಯಿಸಿದೆ. ಸೀರಂ ದುಪ್ಪಟ್ಟು ಹಾಕಿದೆ. ಆ ಹಾಳು ಡಯಾಫ್ರಮ್ಮುಗಳು ಅವಳ ಸೀರಂನಲ್ಲಿ ಮದುವೆ ಮನೆಗೆ ಬಂದ ಬೀಗರ ಹಾಗೆ ಸಕ್ಕರೆ ಕುಡಿಯುತ್ತಲೇ ಇದ್ದವು.

ಕೆಟ್ಟುಹೋದ ದಿನಗಳನ್ನು ಬಿಟ್ಟು ಒಂಬತ್ತನೆಯ ಸಲದ ಲೆಕ್ಕವನ್ನೂ ನಾನು ಹರಿಯಹೊರಟಾಗ ಟೆಕ್ನಿಷಿಯನ್ ಕೈ ಅಡ್ಡ ಹಿಡಿದ.

“ಮೇಡಂ, ಒಂದು ಮಾತು. ಕೋಪ ಮಾಡ್ಕೋಬಾರ್ದು.”

“ಏನು?”

“ಒಂಬತ್ತು ಸಲಾನೂ ಅದೇ ಬಂತಲ್ಲ. ಇಲಿಗಳೇನು ಮೊದ್ಲೇ ಮಾತಾಡ್ಕೊಂಡು ಬಂದಿರ್ತಾವಾ?”

“ನಿಂಗೇನಪ್ಪಾ ಗೊತ್ತು? ಮೆಥಡ್ಡಲ್ಲೇ ಏನೋ ತಪ್ಪಿದೆ.”

“ಇರ್ಬೋದು ಮೇಡಂ. ಆದ್ರೆ ಬೇಡ ಅಂದ ಉತ್ತರ ಬಂದಾಗ ಮಾತ್ರ ಮೆಥಡ್ಡು ತಪ್ಪು ಅಂತೀರಲ್ಲ, ಅದಕ್ಕೆ ಕೇಳ್ದೆ” ಎಂದು ಅವನು ಬೋನು ತೊಳೆಯಲು ಹೋದ. ನನಗೆ ಮೈ ಉರಿದುಹೋಯಿತು.

ಡೈರೆಕ್ಟರ್ ಇನ್ನೊಂದು ದಾರಿ ಹೇಳಿದರು. ಹುಡುಗಿಯನ್ನು ವಾರ್ಡಿಗೆ ಸೇರಿಸಿ, ಮನೆಯ ಡೋಸನ್ನೇ ಕೊಟ್ಟು, ಗಂಟೆಗಂಟೆಗೆ ರಕ್ತ ತೆಗೆದು ಗ್ರಾಫ್ ಬರೆಯೋಣ, ಅದೇ ಸಾಕ್ಷಿ ಎಂದು. ಅವಳು ಒಂದು ಬಟ್ಟೆ ಚೀಲ, ಒಂದು ಕಸೂತಿ ಬಟ್ಟೆ ಹಿಡಿದುಕೊಂಡು ಬಂದು ಸೇರಿದಳು. ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಫ್ರಿಜ್ಜಿನಲ್ಲಿದ್ದ ಹೊಸ ಬಾಟಲಿಯಿಂದ ಕೊಡಲು ಚಾರ್ಟಿನಲ್ಲಿ ಬರೆದೆ. ವಾರ್ಡಿನ ಸಿಸ್ಟರ್ ಹಿರಿಯಾಕೆ, ಮಲಯಾಳಿ, ಬಾಯಿ ತೆರೆಯುವುದೇ ಅಪರೂಪ. ಅವರು ಚಾರ್ಟನ್ನು ಬೆಳಕಿಗೆ ಹಿಡಿದು ನೋಡಿದರು.

“ಹಂಡ್ರೆಡ್ ಅಂಡ್ ಟ್ವೆಂಟಿ, ಡಾಕ್ಟರ್? ತ್ರೀ ಸಿ.ಸಿ. ಆಗ್ತದೆ.”

“ಮನೇಲಿ ದಿನಾ ತಗೋತಿದ್ದಾಳೆ ಸಿಸ್ಟರ್.”

“ಮನೇಲಿ ಸರಿ. ಇಲ್ಲಿ ಮೊದ್ಲು ಸ್ವಲ್ಪ ಕಮ್ಮಿ...”

“ಸಿಸ್ಟರ್, ನಾನು ಬರ್ದಿರೋದು ಓದೋಕೆ ಬರಲ್ವಾ ನಿಮಗೆ?”

ಓದಲು ಬರುತ್ತಿತ್ತು. ಕೊಟ್ಟರು.

ಹನ್ನೊಂದು ಗಂಟೆಗೆ ನಾನು ಲ್ಯಾಬಿನಲ್ಲಿ ಹತ್ತನೆಯ ಸಲದ ಇಲಿಯನ್ನು ಕತ್ತರಿಸುತ್ತಿದ್ದೆ. ಆಯಾ ಓಡಿಬಂದಳು. ಹುಡುಗಿ ಕಸೂತಿ ಹಾಕುತ್ತಾ ಹಾಕುತ್ತಾ ಸೂಜಿಯನ್ನು ಹೊದಿಕೆಗೆ ಚುಚ್ಚತೊಡಗಿದಳಂತೆ. ಹೆಸರು ಕೇಳಿದರೆ “ಬಸ್ ಬಂತಾ?” ಎಂದಳಂತೆ. ನಾನು ಹೋಗುವಷ್ಟರಲ್ಲಿ ಹಾಸಿಗೆಯೆಲ್ಲ ಬೆವರು, ಹಲ್ಲು ಕಚ್ಚಿಕೊಂಡಿದ್ದಳು, ಕೈಕಾಲು ಸೆಟೆದು ಅದುರುತ್ತಿತ್ತು. ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದಿದೆ ಎಂದು ತಿಳಿಯಲು ಟೆಸ್ಟೇ ಬೇಕಿರಲಿಲ್ಲ. ಇನ್ಸುಲಿನ್ ಕೆಲಸ ಮಾಡುತ್ತಿತ್ತು. ನೂರಿಪ್ಪತ್ತು ಯೂನಿಟ್ಟೂ ಕೆಲಸ ಮಾಡುತ್ತಿತ್ತು.

ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣ ಕೊಡಲು ನರ ಸಿಗಲಿಲ್ಲ. ಒಂದು ಕೈ ಹೋಯಿತು, ಇನ್ನೊಂದು ಹೋಯಿತು. ಇಲಿಯ ಡಯಾಫ್ರಮ್ಮನ್ನು ಹರಿಯದೆ ಬಿಡಿಸುವ ನನ್ನ ಬೆರಳು ಅವತ್ತು ಮೂರನೆಯ ಸಲವೂ ಗುರಿ ತಪ್ಪಿತು. ಸಿಸ್ಟರ್ ನನ್ನ ಕೈಯಿಂದ ಸಿರಿಂಜ್ ತೆಗೆದುಕೊಂಡು, ಪಾದದ ಹತ್ತಿರ ಒಂದು ನರ ಹಿಡಿದು, ಐವತ್ತು ಸಿ.ಸಿ. ಏರಿಸಿದರು. ಹುಡುಗಿ ಕಣ್ಣು ಬಿಟ್ಟು “ಯಾಕೆ ಎಲ್ಲಾರೂ ನನ್ನ ಮೇಲೆ ಬಗ್ಗಿದೀರಿ?” ಎಂದಳು. ನನಗೆ ಜೀವ ಬಂತು. ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಮುಳುಗಿದಳು. ನಿಧಾನವಾಗಿ ಕರಗುವ ಔಷಧ ಅಲ್ಲವೇ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮೂರು ಸಲ ಹಾಗೆ ಮುಳುಗಿ ಎದ್ದಳು. ಡ್ರಿಪ್ ತೆಗೆದದ್ದು ಮಾರನೆಯ ದಿನ.

ಡೈರೆಕ್ಟರ್ ಬಂದು ಗ್ರಾಫ್ ನೋಡಿದರು. “ಬ್ರಿಟ್ಲ್! ಒಂದು ದಿನ ರೆಸಿಸ್ಟೆನ್ಸ್, ಒಂದು ದಿನ ಸೆನ್ಸಿಟಿವ್. ಇನ್ನೂ ಇಂಟರೆಸ್ಟಿಂಗ್ ಆಯ್ತಲ್ಲ.” ಹಾಸಿಗೆಯಲ್ಲಿ ಮಲಗಿದ್ದವಳ ಮುಖವನ್ನು ಅವರು ನೋಡಿದರೋ ಇಲ್ಲವೋ ನನಗೆ ನೆನಪಿಲ್ಲ. ಹಿಂದಿನ ವಾರದವರೆಗೆ ನಾನೂ ಅಷ್ಟೇ ನೋಡಿದ್ದೆ ಎಂಬುದು ನೆನಪಿದೆ.

ಅವರು ಹೋದ ಮೇಲೆ ಹುಡುಗಿಯ ಪಕ್ಕ ಕೂತೆ. ಒಂದು ಸಿರಿಂಜೂ ಒಂದು ಲೋಟ ನೀರೂ ಕೊಟ್ಟು, “ಮನೇಲಿ ಎಷ್ಟು ಎಳ್ಕೋತಿದ್ದೆ, ತೋರಿಸು” ಎಂದೆ. ಸರಿಯಾಗಿ ಮೂರು ಸಿ.ಸಿ. ಎಳೆದು, ಗಾಳಿಗುಳ್ಳೆಯನ್ನೂ ತಟ್ಟಿ ತೆಗೆದಳು. ತಪ್ಪೇ ಇಲ್ಲ. ಮೇಜಿನ ಮೇಲೆ ಆಸ್ಪತ್ರೆಯ ಬಾಟಲಿಯಿತ್ತು. ಅವಳು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿದಳು.

“ಡಾಕ್ಟ್ರೇ, ನಿಮ್ಮದು ಬೇರೆ ಔಷಧೀನಾ?”

“ಯಾಕೆ? ಅದೇ ಕಂಪನಿ, ಅದೇ ಲೇಬಲ್.”

“ಇಲ್ಲ, ಇದು ಹಾಲಿನ ಥರ ಇದೆ. ನಮ್ಮನೇದು ಒಡೆದ ಹಾಲಿನ ಥರ ಇರತ್ತೆ. ಗಾಜಿಗೆಲ್ಲ ತರಿತರಿ ಅಂಟ್ಕೊಂಡಿರತ್ತೆ.”

ನಾನು ಚಪ್ಪಲಿ ಮೆಟ್ಟಿದವಳೇ ಎರಡನೇ ಬ್ಲಾಕಿಗೆ ನಡೆದೆ. ರಸ್ತೆಗೆ ಆಗಿನ್ನೂ ಜಲ್ಲಿ ಹಾಸುತ್ತಿದ್ದರು. ಕಾಲು ಉಳುಕಿತು, ನಿಲ್ಲಲಿಲ್ಲ.

ಅಜ್ಜಿ ಹಾಲ್‌ನಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದರು. ಎಪ್ಪತ್ತರ ಆಸುಪಾಸು, ಕೆಂಪು ಸೀರೆ, ತಲೆಯ ಮೇಲೆ ಸೆರಗು. ನನ್ನನ್ನು ಕಂಡೊಡನೆ ಅವರ ಕೈ ನಿಂತಿತು.

“ಮಗೂಗೆ ಏನಾಯ್ತು?”

“ಈಗ ಚೆನ್ನಾಗಿದ್ದಾಳೆ ಅಜ್ಜಿ. ಇನ್ಸುಲಿನ್ ಬಾಟ್ಲಿ ಎಲ್ಲಿಡ್ತೀರಿ?”

“ಬಚ್ಚಲಲ್ಲಿ.”

“ಬಚ್ಚಲಲ್ಲಾ? ಎಲ್ಲಿ?”

“ನೋಡ್ಕೊಳ್ಳಿ ಹೋಗಿ. ಚಪ್ಪಲಿ ಬಿಟ್ಟು ಹೋಗಿ.”

ಮದರ್ ಕಲಿಸಿದ ಮ್ಯಾನರ್ಸನ್ನು ಅವತ್ತು ಮೀರಿ, ಮೊದಲ ಸಲ ಆ ಹಾಲ್ ದಾಟಿದೆ. ಬಚ್ಚಲುಮನೆಯಲ್ಲಿ ದೊಡ್ಡ ತಾಮ್ರದ ಹಂಡೆ, ಅಡಿಯಲ್ಲಿ ಸೌದೆ ಒಲೆ, ಇನ್ನೂ ಕೆಂಡವಿತ್ತು. ಒಲೆಯ ಮೇಲ್ಗಡೆ ಗೋಡೆಯಲ್ಲಿ ಒಂದು ಗೂಡು. ಗೂಡಿನಲ್ಲಿ ಸೀಗೆಪುಡಿ ಡಬ್ಬ, ತಂದೆಯ ಕ್ಷೌರದ ಸಾಮಾನು, ಮತ್ತು ಆರು ಬಾಟಲಿ ಇನ್ಸುಲಿನ್. ಡೋಸ್ ಏರಿದ್ದರಿಂದ ಒಟ್ಟಿಗೆ ತಂದಿಟ್ಟಿದ್ದರು. ಗೂಡಿನೊಳಗೆ ಕೈಯಿಟ್ಟೆ. ಬಿಸಿಗೆ ಇಟ್ಟುಕೊಂಡಿರಲಾಗಲಿಲ್ಲ. ಬಾಟಲಿಯನ್ನು ಸೆರಗಿನಲ್ಲಿ ಹಿಡಿದು ಬೆಳಕಿಗೆ ತಂದೆ. ಗಾಜಿನ ತುಂಬ ರವೆಯಂಥ ಬಿಳಿ ತರಿ. ಸತ್ತ ಔಷಧ. ಇದನ್ನು ಅವಳು ದಿನಕ್ಕೆ ಮೂರು ಸಿ.ಸಿ. ಚುಚ್ಚಿಕೊಂಡು, ಸ್ವೀಟ್ ತಿಂದೆಯಾ ಎಂದು ನನ್ನಿಂದ ಬೈಸಿಕೊಳ್ಳುತ್ತಿದ್ದಳು. ಲ್ಯಾಬಿನಲ್ಲಿ ನಾನು ಅರ್ಧ ಡಿಗ್ರಿಗೆ ಹಾಳೆ ಹರಿಯುತ್ತಿದ್ದೆ.

“ಒಲೆ ಮೇಲಾ ಅಜ್ಜಿ ಇಡೋದು! ತಣ್ಣಗಿರೋ ಕಡೆ ಇಡಿ ಅಂತ ಮೊದಲ ದಿನಾನೇ ಹೇಳಿರ್ಲಿಲ್ವಾ ಆಸ್ಪತ್ರೇಲಿ?” ನನ್ನ ದನಿ ಕಿರುಚಿದಂತೆಯೇ ಇತ್ತು.

“ಹೇಳಿದ್ರು. ಇಟ್ಟಿದ್ವು. ಅಡಿಗೆಮನೇಲಿ ಕುಡಿಯೋ ನೀರಿನ ಕೊಡದ ಕೆಳಗೆ, ಒದ್ದೆ ಮರಳಲ್ಲಿ. ಎರಡು ವರ್ಷ ಅಲ್ಲೇ ಇತ್ತು.”

“ಮತ್ತೆ ಯಾಕೆ ತೆಗೆದ್ರಿ?”

“ನೀವು ಹೇಳಿದ್ರಲ್ಲ.”

“ನಾನಾ?”

“ಅಲ್ಲೇ ಕೂತ್ಕೊಂಡು, ಕಾಫಿ ಕುಡೀತಾ. ದನದ ಹೊಟ್ಟೆಯೊಳಗಿಂದ ತೆಗೀತಾರೆ ಅಂತ. ಬಾಗಿಲ ಹಿಂದೆ ಕೇಳಿಸ್ಕೊಂಡೆ. ಅವತ್ತು ನೀರಿನ ಕೊಡ ಎಲ್ಲ ಹುಣಸೇಹಣ್ಣು ಹಾಕಿ ತಿಕ್ಕಿದೆ. ಅಡಿಗೆಮನೇಲಿ ಇಡೋ ಹಾಗಿಲ್ಲ, ದೇವರ ಮನೆಗಂತೂ ಇಲ್ಲ. ಬಚ್ಚಲಲ್ಲಿ ಇಟ್ರೆ ಮಗು ಅಲ್ಲೇ ಚುಚ್ಕೊಂಡು, ಸ್ನಾನ ಮಾಡ್ಕೊಂಡು ಒಳಗೆ ಬರ್ತಾಳೆ. ಅವಳ ಔಷಧಿ ನಡೀತು, ನನ್ನ ಮಡೀನೂ ನಡೀತು ಅಂದ್ಕೊಂಡೆ.”

ನನ್ನ ಡೈರಿಯಲ್ಲಿ ಎಲ್ಲ ಬರೆದಿತ್ತು. ನಾನು ಲೆಕ್ಚರ್ ಕೊಟ್ಟ ಭಾನುವಾರ, ಅದಾದ ಮೇಲಿನ ಇಟ್ಟಿಗೆ ಬಣ್ಣ. ಚಳಿ ಹೆಚ್ಚಿದಂತೆ ಒಲೆ ಉರಿದ ಹೊತ್ತೂ ಹೆಚ್ಚಿತು, ಡೋಸೂ ಹೆಚ್ಚಿತು. ಇಡೀ ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿನ ಜಾಗದಿಂದ ಎಲ್ಲಕ್ಕಿಂತ ಬಿಸಿ ಜಾಗಕ್ಕೆ ಆ ಬಾಟಲಿಯನ್ನು ಹೊರಡಿಸಿದ್ದು ನಾನೇ.

ಅಜ್ಜಿ ಬತ್ತಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ವಾರ ವಾರ ಎಷ್ಟು ಚುಚ್ಚಿದೆ, ಏನು ತಿಂದೆ ಅಂತ ಮಗೂನ ಹಿಡಿದು ಕೇಳಿದ್ರಿ. ಬಾಟ್ಲಿ ಎಲ್ಲಿದೆ ಅಂತ ಒಂದ್ಸಲ ಕೇಳಿದ್ರಾ ಡಾಕ್ಟ್ರಮ್ಮಾ?”

ಅಲ್ಲೇ ನಿಂತು ಒಂದು ನಿರ್ಧಾರ ಮಾಡಿದೆ. ಬಹಳ ಯೋಚಿಸಿದ್ದರೆ ಮಾಡುತ್ತಿರಲಿಲ್ಲವೇನೋ. ಆಸ್ಪತ್ರೆಯಲ್ಲಿ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಡೋಸ್ ಬರೆದದ್ದು ನಾನು, ಸಿಸ್ಟರ್ ಎಚ್ಚರಿಸಿದರೂ ಕೇಳದವಳು ನಾನು, ನಿಮ್ಮ ಮೊಮ್ಮಗಳು ಸಾಯಬಹುದಿತ್ತು ಎಂದೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. ನನ್ನ ಪಾದದ ಕಡೆ ನೋಡಿ, “ಕಾಲು ಊದ್ಕೊಂಡಿದೆ ನಿಮ್ಮದು. ಕೂತ್ಕೊಳ್ಳಿ” ಎಂದರು.

ಡೈರೆಕ್ಟರಿಗೆ ಹೇಳುವುದು ಇನ್ನೂ ಬಾಕಿ ಇತ್ತು. ತರಿಗಟ್ಟಿದ ಔಷಧದ ಬಾಟಲಿಯನ್ನು ಅವರ ಮೇಜಿನ ಮೇಲೆ ಇಟ್ಟೆ. ಇಲಿಗಳು ಒಂಬತ್ತು ಸಲ ಸರಿಯಾಗಿಯೇ ಹೇಳಿವೆ ಸರ್, ಅವಳ ಸೀರಂನಲ್ಲಿ ಏನೂ ಇಲ್ಲ ಎಂದೆ.

“ಸಮ್ಮೇಳನದಲ್ಲಿ ಯಾರೂ ಬಂದು ಅವರ ಬಚ್ಚಲು ನೋಡೋದಿಲ್ಲ ಡಾಕ್ಟರ್.”

“ನಾನು ನೋಡಿದೆನಲ್ಲ ಸರ್.”

“ಒಂದು ಬಾತ್‌ರೂಮಿಗೋಸ್ಕರ ಪೇಪರ್ ಬಿಸಾಕ್ತೀರಾ?”

ಸಾರಾಂಶ ವಾಪಸ್ ತೆಗೆದುಕೊಳ್ಳುತ್ತೇವೆ ಎಂಬ ಪತ್ರಕ್ಕೆ ಅವರು ಸಹಿ ಹಾಕಲಿಲ್ಲ. ನಾನೊಬ್ಬಳೇ ಹಾಕಿ ಕಳಿಸಿದೆ. ಮುಂದಿನ ಪ್ರಾಜೆಕ್ಟಿನಲ್ಲಿ ನನ್ನ ಹೆಸರು ಇರಲಿಲ್ಲ. ಟೆಕ್ನಿಷಿಯನ್ ಮಾತ್ರ ಅವತ್ತು ಇಲಿಗಳಿಗೆ ಎರಡು ಹಿಡಿ ಹುರಿಗಡಲೆ ಜಾಸ್ತಿ ಹಾಕಿದ. “ಪಾಪ, ನಿಜ ಹೇಳಿ ಸತ್ತೋದ್ವಲ್ಲ ಮೇಡಂ, ಅವುಗಳ ನೆಂಟ್ರಿಗಾದ್ರೂ ಇರ್ಲಿ” ಎಂದ. ನಾನು ಸಿಸ್ಟರ್ ಬಳಿಗೆ ಹೋಗಿ ಕ್ಷಮೆ ಕೇಳಿದೆ. ಅವರು ತಲೆಯಾಡಿಸಿ, “ಚಾರ್ಟ್ ಸ್ವಲ್ಪ ದೊಡ್ಡಕ್ಷರದಲ್ಲಿ ಬರೀರಿ” ಎಂದರು. ಅಷ್ಟೇ.

ಹುಡುಗಿ ಮನೆಗೆ ಹೋದಳು. ತಿಂಗಳೊಳಗೆ ಡೋಸ್ ನಲವತ್ತಕ್ಕೆ ಇಳಿಯಿತು, ಆಮೇಲೆ ಮೂವತ್ತಾರಕ್ಕೆ. ಅಜ್ಜಿ ಬಾಟಲಿಯನ್ನು ಅಡಿಗೆಮನೆಗೆ ಸೇರಿಸಲಿಲ್ಲ. ನಾನೂ ಒತ್ತಾಯಿಸಲಿಲ್ಲ, ಲೆಕ್ಚರ್ ಸಾಕಾಗಿತ್ತು. ಹಿತ್ತಲಿನ ಮಲ್ಲಿಗೆ ಚಪ್ಪರದ ನೆರಳಿನಲ್ಲಿ ಹೊಸ ಮಣ್ಣಿನ ಮಡಕೆ ಇಡಿಸಿ, ಮರಳು ತುಂಬಿಸಿ, ಅದರೊಳಗೆ ಡಬ್ಬಿಯಲ್ಲಿ ಬಾಟಲಿ ಇರಿಸಿದರು. ಮೊಮ್ಮಗಳು ಕಾಲೇಜಿನ ಗಡಿಬಿಡಿಯಲ್ಲಿ ನೀರು ಹಾಕಲು ಮರೆಯುತ್ತಾಳೆಂದು, ಬೆಳಿಗ್ಗೆ ಸಂಜೆ ಮರಳು ನೆನೆಸುವ ಕೆಲಸವನ್ನು ಅಜ್ಜಿ ತಾವೇ ವಹಿಸಿಕೊಂಡರು. ಮುಟ್ಟಿದ ಮೇಲೆ ಪ್ರತಿಸಲವೂ ಸ್ನಾನ. ಅಷ್ಟು ಹೊತ್ತಿಗೆ ಹಂಡೆಯ ನೀರು ಮುಗಿದಿರುತ್ತಿತ್ತು, ತಣ್ಣೀರೇ ಗತಿ.

“ಅಜ್ಜಿ, ಮೇಲಿಂದ ನೀರು ಹುಯ್ದ್ರೆ ಸಾಕು. ಕೈಯಿಡಬೇಕಾಗಿಲ್ಲ. ಈ ವಯಸ್ಸಲ್ಲಿ ದಿನಕ್ಕೆ ಮೂರು ಸ್ನಾನ ಬೇಕಾ?” ಎಂದು ನಾನು ತಲೆ ಚಚ್ಚಿಕೊಂಡೆ.

“ಕೈಯಿಡದೆ ತಣ್ಣಗಿದೆಯೋ ಇಲ್ವೋ ಹೇಗೆ ಗೊತ್ತಾಗತ್ತೆ?” ಎಂದರು.

ನಾಲ್ಕು ವರ್ಷ ಹಾಗೇ ನಡೆಯಿತು. ನಾನು ಆ ಯೂನಿಟ್ ಬಿಟ್ಟು ಬೇರೆ ಊರಿಗೆ ಹೊರಡುವ ಮುಂಚೆ, ಒಂದು ಪುಷ್ಯಮಾಸದ ಬೆಳಿಗ್ಗೆ, ಹೇಳಿಹೋಗೋಣವೆಂದು ಅವರ ಮನೆಗೆ ಹೋದೆ. ಹುಡುಗಿ ಆಗ ಸ್ಕೂಲಿನಲ್ಲಿ ಟೀಚರ್, ಆಗಲೇ ಹೊರಟುಹೋಗಿದ್ದಳು. ಹಿತ್ತಲಿಗೆ ಬಂದೆ. ಅಜ್ಜಿ ಮಡಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊಣಕೈವರೆಗೆ ಮರಳಿನೊಳಗೆ ತೋಳಿಳಿಸಿ, ಕಣ್ಣು ಮುಚ್ಚಿಕೊಂಡಿದ್ದರು. ನಾಡಿ ನೋಡುವವರ ಹಾಗೆ. ಸ್ವಲ್ಪ ಹೊತ್ತಾದ ಮೇಲೆ “ಹೂಂ” ಎಂದು ತಮಗೇ ಹೇಳಿಕೊಂಡು, ಗೋಡೆ ಹಿಡಿದು ಎದ್ದು ಬಚ್ಚಲಿಗೆ ಹೋದರು. ಚೊಂಬಿನಿಂದ ನೀರು ಸುರಿಯುವ ಸದ್ದು ಕೇಳಿಸಿತು, ಒಂದು, ಎರಡು, ಮೂರು.

ಒದ್ದೆ ಸೀರೆಯಲ್ಲಿ ಹೊರಬಂದವರ ಗದ್ದ ಚಳಿಗೆ ನಡುಗುತ್ತಿತ್ತು. ಮೆಟ್ಟಿಲಿನಲ್ಲಿ ಒಂದು ಕ್ಷಣ ತೂರಾಡಿದರು. ನಾನು ಹಿಡಿಯಲು ಕೈ ಚಾಚಿ ಮುಂದೆ ನುಗ್ಗಿದೆ.

“ದೂರ, ದೂರ ನಿಲ್ಲಿ ಡಾಕ್ಟ್ರಮ್ಮಾ! ಮುಟ್ಟಿದ್ರೆ ಮತ್ತೆ ಸ್ನಾನ ಮಾಡ್ಬೇಕು” ಎಂದರು. ಆಮೇಲೆ ಮಡಕೆಯ ಕಡೆ ಗದ್ದ ತಿರುಗಿಸಿ, “ತಣ್ಣಗಿದೆ. ನೀವು ಬೇಕಾದ್ರೆ ನೋಡ್ಕೊಳ್ಳಿ” ಎಂದು ಒಳಗೆ ಹೋದರು.

ಅದೇ ಕೊನೆ, ಮತ್ತೆ ನಾನು ಅವರನ್ನು ನೋಡಲಿಲ್ಲ. ಅವರು ಒಳಗೆ ಹೋದ ಮೇಲೆ ಮಡಕೆಯ ಮುಂದೆ ಕೂತು ಮರಳಿನೊಳಗೆ ಕೈಯಿಳಿಸಿದೆ. ತಣ್ಣಗಿತ್ತು.